ಹಳೆ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ಕೈಕೊಟ್ಟರೆ: ಎಲ್ಲಿ ಹುಡುಕಬೇಕು, ಏನನ್ನು ಮುಟ್ಟಬಾರದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿಯಿತು. ಅಲ್ಲಿಂದೀಚೆಗೆ ಅಂಗಡಿ, ಪ್ರಿಂಟಿಂಗ್ ಪ್ರೆಸ್, ಸಹಕಾರ ಸಂಘ, ಆಡಿಟರ್ ಆಫೀಸು, ಎಲ್ಲ ಕಡೆ ಒಂದೇ ಗೋಳು. ಹಳೆ ಕಂಪ್ಯೂಟರ್ ತೆಗೆದು ವಿಂಡೋಸ್ 11 ಇರುವ ಹೊಸದನ್ನು ತಂದಿಟ್ಟಿದ್ದಾರೆ. ಬ್ರೌಸರ್ ಓಡುತ್ತದೆ, ಎಕ್ಸೆಲ್ ಓಡುತ್ತದೆ, ದಿನಾ ಬೇಕಾದ ಆ ಒಂದು ಹಳೆ ಪ್ರೋಗ್ರಾಂ ಮಾತ್ರ ಓಡುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಯಾರೋ ವಿಷುವಲ್ ಬೇಸಿಕ್‌ನಲ್ಲಿ ಬರೆದುಕೊಟ್ಟ ಬಿಲ್ಲಿಂಗ್ ಸಾಫ್ಟ್‌ವೇರ್, ಬರೆದವರು ಈಗ ಎಲ್ಲಿದ್ದಾರೋ. ಇಲ್ಲವೇ ಪುಟ ಜೋಡಿಸಲು ಬಳಸುವ, 2001ರಲ್ಲಿ ಬಂದ ಪೇಜ್‌ಮೇಕರ್ 7, ಅದರ ಜೊತೆಗೆ ಕನ್ನಡ ಟೈಪ್ ಮಾಡುವ ಹಳೆ ನುಡಿ ತಂತ್ರಾಂಶ.

ಯಾರನ್ನು ಕೇಳಿದರೂ ಒಂದೇ ಉತ್ತರ: ರೈಟ್ ಕ್ಲಿಕ್ ಮಾಡಿ, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಡಿ, ಕಂಪ್ಯಾಟಿಬಿಲಿಟಿಯಲ್ಲಿ ಎಕ್ಸ್‌ಪಿ ಆರಿಸಿ. ಕೆಲವೊಮ್ಮೆ ಓಡುತ್ತದೆ ಕೂಡ. ಆದರೂ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅಡ್ಮಿನ್ ಆಗಿ ಓಡಿಸಿದ ಕೂಡಲೇ ಪ್ರೋಗ್ರಾಂ ಫೈಲ್ ಬರೆಯುವ ಜಾಗ ಬದಲಾಗಬಹುದು, ನೆಟ್‌ವರ್ಕ್ ಡ್ರೈವ್ ಕಾಣದೇ ಹೋಗಬಹುದು, ಕನ್ನಡ ಟೈಪಿಂಗ್ ನಿಲ್ಲಬಹುದು. ಅಂದರೆ ಒಂದು ತೊಂದರೆ ಇದ್ದಲ್ಲಿ ನಾಲ್ಕು ಆಗುತ್ತವೆ, ಆಮೇಲೆ ಮೊದಲಿನದು ಯಾವುದು, ನಾವು ಮಾಡಿಕೊಂಡದ್ದು ಯಾವುದು ಅಂತ ಗೊತ್ತಾಗುವುದೇ ಇಲ್ಲ. ಮೊದಲು ನೋಡಬೇಕಾದ್ದು ಪ್ರೋಗ್ರಾಂ ಯಾವ ಹಂತದಲ್ಲಿ ನಿಂತಿತು ಅಂತ. ಶುರುವೇ ಆಗಲಿಲ್ಲವೋ, ಶುರುವಾಗಿ ಬಿತ್ತೋ, ಚೆನ್ನಾಗಿ ಓಡುತ್ತಲೇ ತಪ್ಪು ಕೆಲಸ ಮಾಡುತ್ತಿದೆಯೋ. ಮೂರಕ್ಕೂ ಕಾರಣ ಬೇರೆ ಬೇರೆ. ಮೂರನೆಯದೇ ಹೆಚ್ಚು ಅಪಾಯದ್ದು.

ಶುರು ಮಾಡುವ ಮುಂಚೆ

ಹಳೆ ಮಿಷನ್ ಇನ್ನೂ ಆನ್ ಆಗುತ್ತಿದ್ದರೆ ಅದನ್ನು ಈಗಲೇ ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ. ಪ್ರೋಗ್ರಾಂ ಫೋಲ್ಡರ್ ಮಾತ್ರ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಸಾಲದು. ಅದರಲ್ಲಿ ಶಾರ್ಟ್ ಡೇಟ್ ಯಾವ ರೂಪದಲ್ಲಿದೆ, ಡೀಫಾಲ್ಟ್ ಪ್ರಿಂಟರ್ ಯಾವುದು, ಯಾವ ಕನ್ನಡ ಫಾಂಟುಗಳಿವೆ, ಒಡಿಬಿಸಿಯಲ್ಲಿ (ಪ್ರೋಗ್ರಾಂಗೂ ಡೇಟಾಬೇಸ್‌ಗೂ ಕೊಂಡಿ ಹಾಕುವ ವಿಂಡೋಸ್‌ನ ಭಾಗ) ಯಾವ ಹೆಸರಿನ ಡಿಎಸ್‌ಎನ್ (ಆ ಕೊಂಡಿಗೆ ಇಟ್ಟ ಹೆಸರು) ಇದೆ, ಇವೆಲ್ಲದರ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಹೊಸ ಮಿಷನ್‌ನಲ್ಲಿ ಅರ್ಧ ಸಮಸ್ಯೆಗೆ ಉತ್ತರ ಆ ಫೋಟೋಗಳಲ್ಲೇ ಇರುತ್ತದೆ.

ಶುರುವೇ ಆಗುವುದಿಲ್ಲ

ಡಬಲ್ ಕ್ಲಿಕ್ ಮಾಡಿದರೆ "ದಿಸ್ ಆ್ಯಪ್ ಕಾಂಟ್ ರನ್ ಆನ್ ಯುವರ್ ಪಿಸಿ" ಅನ್ನುವ ನೀಲಿ ಪಟ್ಟಿ ಬಂದರೆ ಹೆಚ್ಚಿನ ಸಲ ಅದು 16-ಬಿಟ್ ಪ್ರೋಗ್ರಾಂ, ಅಂದರೆ ಡಾಸ್ (ವಿಂಡೋಸ್‌ಗಿಂತ ಮುಂಚಿನ ವ್ಯವಸ್ಥೆ) ಅಥವಾ ವಿಂಡೋಸ್ 3.1 ಕಾಲದ್ದು. 64-ಬಿಟ್ ವಿಂಡೋಸ್ ಒಳಗೆ 32-ಬಿಟ್ ಪ್ರೋಗ್ರಾಂ ಓಡಿಸುವ ವ್ಯವಸ್ಥೆ ಇದೆ, 16-ಬಿಟ್ ಓಡಿಸುವುದು ಇಲ್ಲ. ಆ ಕೆಲಸ ಮಾಡುತ್ತಿದ್ದ ಎನ್‌ಟಿವಿಡಿಎಂ ಅನ್ನುವ ಭಾಗ 32-ಬಿಟ್ ವಿಂಡೋಸ್‌ನಲ್ಲಿ ಮಾತ್ರ ಇತ್ತು. ವಿಂಡೋಸ್ 10ರ ತನಕ 32-ಬಿಟ್ ಆವೃತ್ತಿ ಸಿಗುತ್ತಿತ್ತು, ವಿಂಡೋಸ್ 11ರಲ್ಲಿ ಅದೂ ಇಲ್ಲ. ಹಾಗಾಗಿ ಇಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಎಷ್ಟು ಬದಲಿಸಿದರೂ ಏನೂ ಆಗುವುದಿಲ್ಲ. ವಿಂಡೋಸ್ 95 ಆರಿಸಿ, 98 ಆರಿಸಿ, ಸುಮ್ನೆ ಸಮಯ ಹಾಳು.

ಖಚಿತ ಮಾಡಿಕೊಳ್ಳಲು ಯಾವ ಟೂಲೂ ಬೇಡ, ನೋಟ್‌ಪ್ಯಾಡ್ ಸಾಕು. ಪ್ರೋಗ್ರಾಮಿನ ಇಎಕ್ಸ್‌ಇ ಫೈಲಿನ ಒಂದು ಪ್ರತಿ ಮಾಡಿ, ಆ ಪ್ರತಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ತುಂಬ ಕಸ ಕಾಣುತ್ತದೆ, ಗಾಬರಿ ಬೇಡ. ಶುರುವಿನ ಎರಡು ಅಕ್ಷರ ಇಂಗ್ಲಿಷಿನ ಎಂ ಮತ್ತು ಝಡ್ ಆಗಿರುತ್ತದೆ (ಡಾಸ್ ಕಾಲದಲ್ಲಿ ಈ ಫೈಲ್ ರೂಪವನ್ನು ಮಾಡಿದ ಮೈಕ್ರೋಸಾಫ್ಟ್‌ನ ಮಾರ್ಕ್ ಝ್ಬಿಕೋವ್‌ಸ್ಕಿ ಅವರ ಹೆಸರಿನ ಮೊದಲಕ್ಷರಗಳು ಅವು). ಸ್ವಲ್ಪ ಕೆಳಗೆ ಪಿ, ಇ ಅನ್ನುವ ಎರಡು ದೊಡ್ಡಕ್ಷರ ಹುಡುಕಿ. ಅದಾದ ಮೇಲೆ ಸ್ವಲ್ಪ ಖಾಲಿ ಬಿಟ್ಟು ದೊಡ್ಡ ಎಲ್ ಇದ್ದರೆ 32-ಬಿಟ್, ಸಣ್ಣ ಡಿ ಇದ್ದರೆ 64-ಬಿಟ್. ಪಿ, ಇ ಬದಲು ಎನ್, ಇ ಇದ್ದರೆ ಅದು ವಿಂಡೋಸ್ 3.1 ಕಾಲದ 16-ಬಿಟ್ ಪ್ರೋಗ್ರಾಂ. ಯಾವುದೂ ಇಲ್ಲ, ಬರೀ ಎಂ, ಝಡ್ ಇದೆ ಅಂದರೆ ಶುದ್ಧ ಡಾಸ್ ಪ್ರೋಗ್ರಾಂ. ನೋಡಿ ಮುಚ್ಚಿಬಿಡಿ. ಸೇವ್ ಮಾಡಿದರೆ ಫೈಲ್ ಕೆಡುತ್ತದೆ, ಅದಕ್ಕೇ ಪ್ರತಿ ಮಾಡಿ ಅಂದದ್ದು.

ಡಾಸ್ ಪ್ರೋಗ್ರಾಂ ಆದರೆ, ಹೊಸ ವಿಂಡೋಸ್ ಒಳಗೆ ಡಾಸನ್ನು ಅನುಕರಿಸುವ ಡಾಸ್‌ಬಾಕ್ಸ್ ಹೆಸರು ಎಲ್ಲರಿಗೂ ಗೊತ್ತು. ಟರ್ಬೊ ಸಿ ಪ್ಲಸ್ ಪ್ಲಸ್ ಓಡಿಸಲು ಕಾಲೇಜು ಹುಡುಗರು ಬಳಸುವುದು ಅದನ್ನೇ. ಆದರೆ ಮೂಲ ಡಾಸ್‌ಬಾಕ್ಸ್ ಹುಟ್ಟಿದ್ದು ಆಟ ಆಡಲು. ಅಂಗಡಿಯ ಲೆಕ್ಕವನ್ನು ಅದರಲ್ಲಿ ಇಡುವುದು ಬೇಡ, ಪ್ರಿಂಟಿಂಗೂ ಅದರಲ್ಲಿ ಸರಿಯಾಗಿ ಇಲ್ಲ. ಫಾಕ್ಸ್‌ಪ್ರೋ, ಕ್ಲಿಪ್ಪರ್ ಥರದ ಅಕ್ಷರ ಮಾತ್ರ ಕಾಣುವ ಪ್ರೋಗ್ರಾಂಗಳಿಗೆ ವಿಡಾಸ್ ಇಲ್ಲವೇ ಡಾಸ್‌ಬಾಕ್ಸ್-ಎಕ್ಸ್ ನೋಡಿ, ಅವುಗಳಿಂದ ವಿಂಡೋಸ್ ಪ್ರಿಂಟರ್‌ಗೆ ಪ್ರಿಂಟ್ ಕಳಿಸಬಹುದು. ವಿಂಡೋಸ್ 3.1 ಕಾಲದ ಪ್ರೋಗ್ರಾಂಗೆ ವೈನ್‌ವಿಡಿಎಂ ಅನ್ನುವ ಉಚಿತ ಟೂಲ್ ಇದೆ, ಸಣ್ಣಪುಟ್ಟ ಪ್ರೋಗ್ರಾಂಗಳಿಗೆ ಸಾಕಾಗುತ್ತದೆ. ಹಳೆ ಟರ್ಬೊ ಪ್ಯಾಸ್ಕಲ್ ಪ್ರೋಗ್ರಾಂ "ರನ್‌ಟೈಮ್ ಎರರ್ 200" ಅಂತ ಬಿದ್ದರೆ ಅದಕ್ಕೆ ವಿಂಡೋಸ್ ಕಾರಣವಲ್ಲ. ಪ್ರೊಸೆಸರ್ ವೇಗ ಅಳೆಯುವ ಕೋಡ್ ಒಂದು ಅದರಲ್ಲಿದೆ, ಈಗಿನ ವೇಗಕ್ಕೆ ಆ ಲೆಕ್ಕ ಉಕ್ಕಿ ಹರಿದು ಭಾಗಾಕಾರ ತಪ್ಪುತ್ತದೆ. ಡಾಸ್‌ಬಾಕ್ಸ್‌ನಲ್ಲಿ ಸೈಕಲ್ಸ್ (ಅದು ಅನುಕರಿಸುವ ಪ್ರೊಸೆಸರ್ ವೇಗ) ಕಡಿಮೆ ಮಾಡಿದರೆ ಓಡುತ್ತದೆ.

ಇಲ್ಲೊಂದು ಚಮತ್ಕಾರ ಇದೆ. ಎಷ್ಟೋ ಸಲ ಪ್ರೋಗ್ರಾಂ 32-ಬಿಟ್, ಅದರ ಸೆಟಪ್ ಮಾತ್ರ 16-ಬಿಟ್. 1990ರ ದಶಕದ ಕೊನೆಯ ಸಿಡಿಗಳಲ್ಲಿ ಇದು ಮಾಮೂಲು. ಇನ್‌ಸ್ಟಾಲ್‌ಶೀಲ್ಡ್ 5ರಂಥ ಕೆಲವು ಹಳೆ ಸೆಟಪ್‌ಗಳನ್ನು 64-ಬಿಟ್ ವಿಂಡೋಸ್ ಗುರುತು ಹಿಡಿದು ತನ್ನದೇ 32-ಬಿಟ್ ಇಂಜಿನ್ ಹಾಕಿ ಓಡಿಸುತ್ತದೆ, ಉಳಿದವನ್ನು ಓಡಿಸುವುದಿಲ್ಲ. ಆದ್ದರಿಂದ ಸೆಟಪ್ ಓಡಲಿಲ್ಲ ಅಂತ ಕೈಬಿಡಬೇಡಿ. ಹಳೆ ಮಿಷನ್‌ನಲ್ಲಿ ಇನ್‌ಸ್ಟಾಲ್ ಆಗಿರುವ ಇಎಕ್ಸ್‌ಇಯನ್ನೇ ನೋಟ್‌ಪ್ಯಾಡ್‌ನಲ್ಲಿ ನೋಡಿ. ಅದು 32-ಬಿಟ್ ಆಗಿದ್ದರೆ ಇಡೀ ಫೋಲ್ಡರ್ ನಕಲು ಮಾಡಿ ತಂದು, ಬೇಕಾದ ಫೈಲುಗಳನ್ನು ಕೈಯಾರೆ ಹೊಂದಿಸಿದರೆ ಓಡುವ ಸಾಧ್ಯತೆ ಇದೆ.

ಇನ್ನೆರಡು ಸಣ್ಣ ಮಾತು. "ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ" ಅಂತ ಬಂದರೆ ಅದು ದೋಷವಲ್ಲ, ಈ ಫೈಲ್ ವಿಂಡೋಸ್‌ಗೆ ಪರಿಚಯವಿಲ್ಲ ಅನ್ನುವ ಎಚ್ಚರಿಕೆ. ಫೈಲ್ ನಿಮ್ಮದೇ ಹಳೆ ಸಿಡಿಯದಾದರೆ ಮೋರ್ ಇನ್ಫೋ ಒತ್ತಿ ಮುಂದೆ ಹೋಗಿ. ಸ್ಟೋರ್‌ನಿಂದ ಮಾತ್ರ ಇನ್‌ಸ್ಟಾಲ್ ಮಾಡಿ ಅನ್ನುತ್ತಿದ್ದರೆ ಲ್ಯಾಪ್‌ಟಾಪ್ ಎಸ್ ಮೋಡ್‌ನಲ್ಲಿದೆ. ಅದರಿಂದ ಹೊರಬರಲು ದುಡ್ಡಿಲ್ಲ, ಆದರೆ ವಾಪಸ್ ಹೋಗಲು ಆಗುವುದಿಲ್ಲ.

ಶುರುವಾಗಿ ಬೀಳುತ್ತದೆ

ಇದು ನಿಜಕ್ಕೂ ಸುಲಭದ ಜಾತಿ. ಏಕೆಂದರೆ ಏನು ಬೇಕು ಅಂತ ಪ್ರೋಗ್ರಾಮೇ ಹೇಳುತ್ತದೆ, ನಾವು ಓದದೇ ಓಕೆ ಒತ್ತಿಬಿಡುತ್ತೇವೆ ಅಷ್ಟೇ.

ವಿಷುವಲ್ ಬೇಸಿಕ್ 6 ಬಂದದ್ದು 1998ರಲ್ಲಿ. ಅದರ ರನ್‌ಟೈಮ್ (ಪ್ರೋಗ್ರಾಂ ಓಡಲು ಬೇಕಾದ ಸಹಾಯಕ ಫೈಲುಗಳು) ವಿಂಡೋಸ್ 11ರ ಒಳಗೂ ಇದೆ, ಬೇರೆ ಹಾಕಬೇಕಿಲ್ಲ. ಇಲ್ಲದಿರುವುದು ಓಸಿಎಕ್ಸ್ ಫೈಲುಗಳು, ಅಂದರೆ ಪಟ್ಟಿ, ಕೋಷ್ಟಕದಂಥ ಪರದೆಯ ಭಾಗಗಳನ್ನು ಕೊಡುವ ಫೈಲುಗಳು. ಎಂಎಸ್‌ಕಾಮ್‌ಸಿಟಿಎಲ್, ಕಾಮ್‌ಡಿಎಲ್‌ಜಿ32, ಎಂಎಸ್‌ಫ್ಲೆಕ್ಸ್‌ಜಿಆರ್‌ಡಿ ಇಂಥ ಹೆಸರು ಹೇಳಿ "ನಾಟ್ ಕರೆಕ್ಟ್ಲಿ ರಿಜಿಸ್ಟರ್ಡ್" ಅಂದರೆ ಆ ಫೈಲ್ ತಂದು ರಿಜಿಸ್ಟರ್ ಮಾಡಬೇಕು. ಇಲ್ಲೇ ಜಾಸ್ತಿ ಜನ ಎಡವುವುದು: ಫೈಲನ್ನು ಸಿಸ್ಟಂ32 ಫೋಲ್ಡರ್‌ಗೆ ಹಾಕುತ್ತಾರೆ. 64-ಬಿಟ್ ವಿಂಡೋಸ್‌ನಲ್ಲಿ ಸಿಸ್ಟಂ32 ಒಳಗಿರುವುದು 64-ಬಿಟ್ ಫೈಲುಗಳು, 32-ಬಿಟ್ ಫೈಲುಗಳ ಮನೆ ಸಿಸ್‌ವೌ64. ಹೆಸರು ತಲೆಕೆಳಗು, ಹೌದು, ಹಳೆ ಪ್ರೋಗ್ರಾಂಗಳಿಗಾಗಿ ಹಾಗೇ ಉಳಿಸಿಕೊಂಡಿದ್ದಾರೆ. ಓಸಿಎಕ್ಸ್ ಅನ್ನು ಸಿಸ್‌ವೌ64ಕ್ಕೆ ಹಾಕಿ, ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನ್ ಆಗಿ ತೆರೆದು (ಇಲ್ಲಿ ಅಡ್ಮಿನ್ ಬೇಕೇ ಬೇಕು), ಆ ಫೋಲ್ಡರ್‌ಗೆ ಹೋಗಿ ಅಲ್ಲಿನ ರೆಗ್‌ಎಸ್‌ವಿಆರ್32ರಿಂದಲೇ ರಿಜಿಸ್ಟರ್ ಮಾಡಿ. ಫೈಲನ್ನು ಹಳೆ ಮಿಷನ್‌ನಿಂದಲೋ ಮೂಲ ಸಿಡಿಯಿಂದಲೋ ತನ್ನಿ. ಡಿಎಲ್‌ಎಲ್ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಫೈಲ್) ಉಚಿತವಾಗಿ ಕೊಡುವ ಅಪರಿಚಿತ ಸೈಟುಗಳ ಸಹವಾಸ ಬೇಡ.

"ಸೈಡ್ ಬೈ ಸೈಡ್ ಕಾನ್ಫಿಗರೇಶನ್ ಈಸ್ ಇನ್‌ಕರೆಕ್ಟ್" ಅಂದರೆ ವಿಷುವಲ್ ಸಿ ಪ್ಲಸ್ ಪ್ಲಸ್‌ನ 2005 ಅಥವಾ 2008ರ ರನ್‌ಟೈಮ್ ಇಲ್ಲ ಅಂತ. 32-ಬಿಟ್ ಪ್ರೋಗ್ರಾಂಗೆ ಎಕ್ಸ್86 ಅಂತ ಬರೆದಿರುವುದೇ ಬೇಕು, ಮಿಷನ್ 64-ಬಿಟ್ ಆಗಿದ್ದರೂ. 0ಎಕ್ಸ್‌ಸಿ000007ಬಿ ಅನ್ನುವ ಕೋಡ್ ಬಂದರೆ ಸಾಮಾನ್ಯವಾಗಿ 32-ಬಿಟ್ ಪ್ರೋಗ್ರಾಂ ಕೈಗೆ 64-ಬಿಟ್ ಡಿಎಲ್‌ಎಲ್ ಸಿಕ್ಕಿದೆ. ಡಾಟ್‌ನೆಟ್ (ಮೈಕ್ರೋಸಾಫ್ಟ್‌ನ ಇನ್ನೊಂದು ರನ್‌ಟೈಮ್) 2.0 ಅಥವಾ 3.5 ಕೇಳಿದರೆ ವಿಂಡೋಸ್ ಫೀಚರ್ಸ್‌ನಲ್ಲಿ 3.5ಕ್ಕೆ ಟಿಕ್ ಹಾಕಿ, 2.0 ಅದರೊಳಗೇ ಬರುತ್ತದೆ. ಡೌನ್‌ಲೋಡ್ ಆಗದೆ 0ಎಕ್ಸ್‌800ಎಫ್081ಎಫ್ ಅಂತ ನಿಂತರೆ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್‌ನ ಸೋರ್ಸಸ್ ಫೋಲ್ಡರಿನ ಎಸ್‌ಎಕ್ಸ್‌ಎಸ್ ಒಳಗೆ ಬೇಕಾದ ಫೈಲುಗಳಿವೆ. ಡಿಸ್ಮ್ ಕಮಾಂಡ್‌ಗೆ ಆ ಜಾಗ ತೋರಿಸಿದರೆ ಅಲ್ಲಿಂದ ತೆಗೆದುಕೊಳ್ಳುತ್ತದೆ.

ಡೇಟಾಬೇಸ್ ಸಿಗಲಿಲ್ಲ, ಡಿಎಸ್‌ಎನ್ ಇಲ್ಲ ಅಂದರೆ ಒಡಿಬಿಸಿ ನೋಡಿ. ಅದು ಎರಡು ಇದೆ, 32-ಬಿಟ್‌ನದು, 64-ಬಿಟ್‌ನದು. ಹಳೆ ಆ್ಯಕ್ಸೆಸ್ ಫೈಲುಗಳನ್ನು ಓದುವ ಜೆಟ್ 4.0 ಇರುವುದು 32-ಬಿಟ್‌ನಲ್ಲಿ ಮಾತ್ರ. ಹಾಗಾಗಿ ಸ್ಟಾರ್ಟ್ ಮೆನುವಿನಲ್ಲಿ 32-ಬಿಟ್ ಅಂತ ಬರೆದಿರುವ ಒಡಿಬಿಸಿಯಲ್ಲೇ ಡಿಎಸ್‌ಎನ್ ಮಾಡಬೇಕು.

ಏನೂ ಹೇಳದೆ ಮಾಯವಾದರೆ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಅಡಿಯ ಆ್ಯಪ್ಲಿಕೇಶನ್‌ನಲ್ಲಿ ಆ ನಿಮಿಷದ ಕೆಂಪು ಸಾಲು ನೋಡಿ. "ಫಾಲ್ಟಿಂಗ್ ಮಾಡ್ಯೂಲ್" ಅನ್ನುವಲ್ಲಿ ಯಾವ ಫೈಲ್ ಬಿದ್ದಿತು ಅಂತ ಹೆಸರಿರುತ್ತದೆ. ಅಲ್ಲೂ ಗೊತ್ತಾಗದಿದ್ದರೆ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಪುಟದಲ್ಲಿ ಪ್ರೊಸೆಸ್ ಮಾನಿಟರ್ ಉಚಿತವಾಗಿ ಸಿಗುತ್ತದೆ. ನಿಮ್ಮ ಪ್ರೋಗ್ರಾಂ ಹೆಸರಿಗೆ ಫಿಲ್ಟರ್ ಹಾಕಿ ಓಡಿಸಿ, "ಆ್ಯಕ್ಸೆಸ್ ಡಿನೈಡ್" ಬಂದ ಸಾಲುಗಳನ್ನು ಹುಡುಕಿ. "ನೇಮ್ ನಾಟ್ ಫೌಂಡ್" ಸಾಲುಗಳು ಸಾವಿರಗಟ್ಟಲೆ ಇರುತ್ತವೆ, ಅವೆಲ್ಲ ತಪ್ಪಲ್ಲ. ಬೀಳುವ ಕ್ಷಣಕ್ಕೆ ಹತ್ತಿರ ಇರುವುದನ್ನು ಮಾತ್ರ ನೋಡಿ.

ಓಡುತ್ತದೆ, ಆದರೆ ನಿನ್ನೆಯ ಬಿಲ್ ಕಾಣೆ

ಈಗ ಅಸಲಿ ವಿಷಯಕ್ಕೆ ಬರೋಣ. ಪ್ರೋಗ್ರಾಂ ಚೆನ್ನಾಗಿಯೇ ಓಡುತ್ತಿದೆ. ಬಿಲ್ ಹಾಕಿದಿರಿ, ಮುಚ್ಚಿದಿರಿ, ತೆರೆದಿರಿ, ಇದೆ. ಇನ್ನೊಂದು ದಿನ ಯಾರೋ ಬಂದು ಅಡ್ಮಿನ್ ಆಗಿ ಓಡಿಸಿದರು, ನಡುವಿನ ಎಂಟ್ರಿಗಳೆಲ್ಲ ಮಾಯ. ಅಥವಾ ಪ್ರೋಗ್ರಾಂ ಫೋಲ್ಡರ್ ಅನ್ನು ದಿನಾ ಬ್ಯಾಕಪ್ ಮಾಡುತ್ತಿದ್ದೀರಿ, ತೆಗೆದು ನೋಡಿದರೆ ಅದರಲ್ಲಿ ಇನ್‌ಸ್ಟಾಲ್ ಮಾಡಿದ ದಿನದ ಡೇಟಾ ಮಾತ್ರ ಇದೆ. ಇಲ್ಲವೇ ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಕೆಲಸಗಾರರಿಗೆ ಎರಡು ಲಾಗಿನ್ ಕೊಟ್ಟಿದ್ದೀರಿ, ಇವರು ಹಾಕಿದ ಬಿಲ್ ಅವರಿಗೆ ಕಾಣುವುದಿಲ್ಲ. ಈ ಮೂರೂ ಕಥೆಗೆ ಮೂಲ ಒಂದೇ.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಎಲ್ಲರೂ ಅಡ್ಮಿನ್ ಆಗಿಯೇ ಇರುತ್ತಿದ್ದರು. ಪ್ರೋಗ್ರಾಂಗಳು ತಮ್ಮ ಡೇಟಾವನ್ನು ಪ್ರೋಗ್ರಾಂ ಫೈಲ್ಸ್ ಒಳಗೇ, ತಮ್ಮ ಫೋಲ್ಡರಿನಲ್ಲೇ ಬರೆಯುತ್ತಿದ್ದವು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಅಲ್ಲಿ ಬರೆಯುವುದಕ್ಕೆ ಮಾಮೂಲಿ ಪ್ರೋಗ್ರಾಂಗಳಿಗೆ ತಡೆ ಬಿತ್ತು. ತಡೆದರೆ ಹಳೆ ಪ್ರೋಗ್ರಾಂಗಳೆಲ್ಲ ಬೀಳುತ್ತವಲ್ಲ, ಅದಕ್ಕೆ ಒಂದು ಉಪಾಯ ಮಾಡಿದರು. ಹಳೆ 32-ಬಿಟ್ ಪ್ರೋಗ್ರಾಂ ಅಲ್ಲಿ ಬರೆಯಲು ಹೋದರೆ ವಿಂಡೋಸ್ ಬೇಡ ಅನ್ನುವುದಿಲ್ಲ, ಬರೆದಂತೆ ತೋರಿಸಿ ಆ ಫೈಲನ್ನು ಆ ಬಳಕೆದಾರರ ಸ್ವಂತ ಜಾಗದಲ್ಲಿ ವರ್ಚುವಲ್‌ಸ್ಟೋರ್ ಅನ್ನುವ ಫೋಲ್ಡರ್ ಮಾಡಿ ಇಡುತ್ತದೆ. ಮತ್ತೆ ಓದಲು ಬಂದಾಗ ಅಲ್ಲಿಂದಲೇ ತೆಗೆದುಕೊಡುತ್ತದೆ. ಪ್ರೋಗ್ರಾಂಗೆ ಇದರ ಸುಳಿವೇ ಇಲ್ಲ, ನಿಮಗೂ ಇಲ್ಲ. ಅಡ್ಮಿನ್ ಆಗಿ ಓಡಿಸಿದಾಗ ಮಾತ್ರ ಈ ಏರ್ಪಾಡು ಇರುವುದಿಲ್ಲ, ಪ್ರೋಗ್ರಾಂ ಸೀದಾ ನಿಜವಾದ ಫೋಲ್ಡರನ್ನೇ ಓದುತ್ತದೆ. ಅಲ್ಲಿರುವುದು ಹಳೆ ಡೇಟಾ. ಅದರ ಮೇಲೆ ಹೊಸ ಬಿಲ್ ಹಾಕಲು ಶುರು ಮಾಡಿದರೆ ಈಗ ಎರಡು ಲೆಕ್ಕ, ಎರಡೂ ಅರ್ಧರ್ಧ. ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ.

ಪತ್ತೆ ಮಾಡುವುದು ಹೀಗೆ. ಪ್ರೋಗ್ರಾಂ ಮಾಮೂಲಾಗಿ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು, ಡೀಟೇಲ್ಸ್‌ಗೆ ಹೋಗಿ, ಮೇಲಿನ ಹೆಸರುಗಳ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ "ಯುಎಸಿ ವರ್ಚುವಲೈಸೇಶನ್" ಕಾಲಂ ಸೇರಿಸಿ. ನಿಮ್ಮ ಪ್ರೋಗ್ರಾಂ ಎದುರು ಎನೇಬಲ್ಡ್ ಅಂತ ಇದ್ದರೆ ಅನುಮಾನ ಸರಿ. ಆಮೇಲೆ ಸಿ ಡ್ರೈವ್‌ನ ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್, ಅದರಲ್ಲಿ ಆ್ಯಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್ ಅಂತ ಒಳಹೊಕ್ಕು ನೋಡಿ. ಆ್ಯಪ್‌ಡೇಟಾ ಅಡಗಿರುತ್ತದೆ, ಹಿಡನ್ ಐಟಮ್ಸ್ ತೋರಿಸುವಂತೆ ಮಾಡಿಕೊಳ್ಳಬೇಕು. ಅಲ್ಲಿ ಪ್ರೋಗ್ರಾಂ ಫೈಲ್ಸ್ ಹೆಸರಿನ ಇನ್ನೊಂದು ಫೋಲ್ಡರ್, ಅದರೊಳಗೆ ನಿಮ್ಮ ಕಳೆದುಹೋದ ಡೇಟಾ ಇರುತ್ತದೆ. ಪ್ರತಿ ಲಾಗಿನ್‌ಗೂ ಬೇರೆ ಬೇರೆ ವರ್ಚುವಲ್‌ಸ್ಟೋರ್ ಇರುವುದರಿಂದ ಎಲ್ಲರದ್ದೂ ನೋಡಿ. ಹಳೆ ಮಿಷನ್ ವಿಂಡೋಸ್ 7 ಆಗಿದ್ದರೆ ಅಲ್ಲೂ ನೋಡಿ, ಎಷ್ಟೋ ವರ್ಷದ ನಿಜವಾದ ಡೇಟಾ ಅಲ್ಲೇ ಕೂತಿರಬಹುದು. ಬರೀ ಪ್ರೋಗ್ರಾಂ ಫೋಲ್ಡರ್ ನಕಲು ಮಾಡಿ ಹಾರ್ಡ್ ಡಿಸ್ಕ್ ಅಳಿಸಿದವರಿಗೆ ಡೇಟಾ ಹೋಗುವುದು ಹೀಗೆಯೇ.

ಸರಿಪಡಿಸಲು, ಮೊದಲು ಪ್ರೋಗ್ರಾಂ ಮುಚ್ಚಿ. ಎರಡೂ ಜಾಗದ ಫೋಲ್ಡರ್‌ಗಳನ್ನು ಬೇರೆ ಬೇರೆ ಹೆಸರಲ್ಲಿ ಪೆನ್‌ಡ್ರೈವ್‌ಗೆ ಹಾಕಿ. ಯಾವುದು ಹೊಸತು ಅಂತ ಡೇಟಾ ಫೈಲಿನ ತಾರೀಖು ನೋಡಿ ತೀರ್ಮಾನಿಸಿ. ತಾರೀಖಿನ ಮೇಲೆ ಪೂರ್ತಿ ಭರವಸೆ ಬೇಡ, ಬರೀ ತೆರೆದು ಮುಚ್ಚಿದರೂ ಕೆಲವು ಪ್ರೋಗ್ರಾಂಗಳಲ್ಲಿ ಅದು ಬದಲಾಗುತ್ತದೆ, ಒಳಗಿನ ಕೊನೆಯ ಬಿಲ್ ನಂಬರ್ ನೋಡುವುದೇ ಸರಿ. ನಂತರ ಪ್ರೋಗ್ರಾಂ ತೆಗೆದು, ಪ್ರೋಗ್ರಾಂ ಫೈಲ್ಸ್ ಬಿಟ್ಟು ಸೀದಾ ಸಿ ಡ್ರೈವ್ ಅಡಿಯಲ್ಲಿ ಅದಕ್ಕೇ ಒಂದು ಫೋಲ್ಡರ್ ಮಾಡಿ ಅಲ್ಲಿ ಇನ್‌ಸ್ಟಾಲ್ ಮಾಡಿ. ಹೆಸರು ಇಂಗ್ಲಿಷಿನಲ್ಲಿ, ಎಂಟು ಅಕ್ಷರದೊಳಗೆ, ನಡುವೆ ಜಾಗ ಬಿಡದೆ ಇರಲಿ, ಹಳೆ ಪ್ರೋಗ್ರಾಂಗಳಿಗೆ ಅದೇ ಒಳ್ಳೆಯದು. ಅಂಥ ಫೋಲ್ಡರ್‌ನಲ್ಲಿ ಬರೆಯಲು ಮಾಮೂಲಿ ಬಳಕೆದಾರರಿಗೂ ಅನುಮತಿ ಇರುತ್ತದೆ, ಹಾಗಾಗಿ ವರ್ಚುವಲ್‌ಸ್ಟೋರ್ ನಡುವೆ ಬರುವುದಿಲ್ಲ, ಅಡ್ಮಿನ್ ಆಗಿ ಓಡಿಸುವ ಅಗತ್ಯವೂ ಬೀಳುವುದಿಲ್ಲ. ಹೊಸ ಡೇಟಾ ಅಲ್ಲಿಗೆ ಹಾಕಿ. ಹಳೆ ವರ್ಚುವಲ್‌ಸ್ಟೋರ್ ಫೋಲ್ಡರಿನ ಹೆಸರು ಬದಲಿಸಿ ಇಡಿ, ಅಳಿಸಬೇಡಿ.

12ನೇ ತಾರೀಖಿನ ತನಕ ತಪ್ಪು, 13ರಿಂದ ಸರಿ

ಇದು ಇನ್ನೊಂದು ಮೌನ ರೋಗ. ಹೊಸ ಲ್ಯಾಪ್‌ಟಾಪ್ ಸೆಟಪ್ ಮಾಡುವಾಗ ಯಾರೋ ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್ ಆರಿಸಿರುತ್ತಾರೆ. ಆಗ ವಿಂಡೋಸ್‌ನ ತಾರೀಖು ತಿಂಗಳು ಮೊದಲು, ದಿನ ಆಮೇಲೆ. ವಿಷುವಲ್ ಬೇಸಿಕ್ ಪ್ರೋಗ್ರಾಂ ತಾರೀಖನ್ನು ವಿಂಡೋಸ್‌ನ ಈ ಸೆಟ್ಟಿಂಗ್ ನೋಡಿಕೊಂಡೇ ಓದುತ್ತದೆ. ನೀವು 05/06/2025 ಅಂತ ಜೂನ್ 5ನ್ನು ಹೊಡೆದರೆ ಅದು ಮೇ 6 ಅಂದುಕೊಳ್ಳುತ್ತದೆ. 13/06/2025 ಹೊಡೆದರೆ 13ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅದೇ ತಿರುಗಿಸಿಕೊಂಡು ಜೂನ್ 13 ಅನ್ನುತ್ತದೆ. ಎರರ್ ಬರುವುದಿಲ್ಲ. ಅರ್ಧ ತಿಂಗಳ ಬಿಲ್‌ಗಳು ಬೇರೆ ಬೇರೆ ತಿಂಗಳಿಗೆ ಹಂಚಿಹೋಗುತ್ತವೆ, ಉಳಿದರ್ಧ ಸರಿಯಾಗೇ ಇರುತ್ತವೆ, ಜಿಎಸ್‌ಟಿ ಲೆಕ್ಕ ಹಾಕುವ ದಿನ ಹೊಂದುವುದಿಲ್ಲ. ಅದಕ್ಕೇ ಪ್ರೋಗ್ರಾಂ ಪರೀಕ್ಷೆ ಮಾಡುವಾಗ 20, 25ನೇ ತಾರೀಖು ಹಾಕಿ ಸರಿಯಿದೆ ಅನ್ನಬೇಡಿ. ಹನ್ನೆರಡರೊಳಗಿನ ಒಂದು ತಾರೀಖು ಹಾಕಿ, ರಿಪೋರ್ಟ್ ತೆಗೆದು ತಿಂಗಳು ನೋಡಿ.

ಸರಿಪಡಿಸುವ ಜಾಗ ಕಂಟ್ರೋಲ್ ಪ್ಯಾನೆಲ್‌ನ ರೀಜನ್. ಫಾರ್ಮ್ಯಾಟ್ ಇಂಗ್ಲಿಷ್ ಇಂಡಿಯಾ ಮಾಡಿ, ಅಷ್ಟಕ್ಕೇ ನಿಲ್ಲಬೇಡಿ. ಅದರಲ್ಲಿ ಶಾರ್ಟ್ ಡೇಟ್ ನಡುವೆ ಅಡ್ಡಗೆರೆ ಇರಬಹುದು, ನಿಮ್ಮ ಪ್ರೋಗ್ರಾಂ ಓರೆಗೆರೆ ಕೇಳುತ್ತಿರಬಹುದು. ಹಳೆ ಮಿಷನ್‌ನ ಫೋಟೋ ಈಗ ಕೆಲಸಕ್ಕೆ ಬರುತ್ತದೆ, ಅದರಲ್ಲಿ ಇದ್ದ ಹಾಗೇ ಮಾಡಿ. ಈ ಸೆಟ್ಟಿಂಗ್ ಪ್ರತಿ ಲಾಗಿನ್‌ಗೂ ಬೇರೆ, ಆದ್ದರಿಂದ ಎಲ್ಲ ಲಾಗಿನ್‌ನಲ್ಲೂ ಮಾಡಬೇಕು. ವರ್ಷವನ್ನು ಎರಡೇ ಅಂಕಿಯಲ್ಲಿ ಹೊಡೆಯುವ ಅಭ್ಯಾಸ ಇದ್ದರೆ ಅದನ್ನೂ ಬಿಡಿಸಿ. ವಿಷುವಲ್ ಬೇಸಿಕ್ 6ರ ಸಾಮಾನ್ಯ ನಿಯಮದಲ್ಲಿ 29 ಅಂದರೆ 2029, 30 ಅಂದರೆ 1930. ಆ ದಿನ ತುಂಬ ದೂರ ಇಲ್ಲ.

ಕನ್ನಡ ಕಸವಾಗಿ ಕಾಣುತ್ತದೆ, ಅಥವಾ ಟೈಪ್ ಆಗುವುದಿಲ್ಲ

ಹಳೆ ನುಡಿ, ಬರಹ ತಂತ್ರಾಂಶಗಳ ಫೈಲುಗಳಲ್ಲಿ ಯೂನಿಕೋಡ್ ಕನ್ನಡ (ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಕೇತ) ಇರುವುದಿಲ್ಲ. ಫೈಲಿನಲ್ಲಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ, ಫಾಂಟ್ ಮಾತ್ರ ಆ ಜಾಗದಲ್ಲಿ ಕನ್ನಡದ ಚಿತ್ರ ಇಟ್ಟುಕೊಂಡಿರುತ್ತದೆ. ಫಾಂಟ್ ಇಲ್ಲದ ಮಿಷನ್‌ನಲ್ಲಿ ತೆರೆದರೆ ಮುಖವಾಡ ಕಳಚಿ ಒಳಗಿನದು ಕಾಣುತ್ತದೆ, ಅಷ್ಟೇ. ಫೈಲ್ ಕೆಟ್ಟಿಲ್ಲ. ಆ ಕಸವನ್ನು ಸೆಲೆಕ್ಟ್ ಮಾಡಿ ಮೇಲೆ ಫಾಂಟಿನ ಹೆಸರು ನೋಡಿ, ಅದೇ ಹೆಸರಿನ ಫಾಂಟ್ ಹಾಕಿ. ಹಾಕುವಾಗ ಡಬಲ್ ಕ್ಲಿಕ್ ಮಾಡಿ ಸುಮ್ಮನೆ ಇನ್‌ಸ್ಟಾಲ್ ಒತ್ತಬೇಡಿ. ವಿಂಡೋಸ್ 10ರ 2018ರ 1809 ಆವೃತ್ತಿಯಿಂದ ಹಾಗೆ ಹಾಕಿದ ಫಾಂಟ್ ನಿಮ್ಮೊಬ್ಬರ ಲಾಗಿನ್‌ಗೆ ಮಾತ್ರ ಸೇರುತ್ತದೆ, ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ಗೆ ಹೋಗುವುದಿಲ್ಲ, ಕೆಲವು ಹಳೆ ಪ್ರೋಗ್ರಾಂಗಳಿಗೆ ಅದು ಕಾಣುವುದೇ ಇಲ್ಲ. ರೈಟ್ ಕ್ಲಿಕ್ ಮಾಡಿ "ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್" ಕೊಡಿ.

ಫಾಂಟ್ ಇದೆ, ಮುಕ್ಕಾಲು ಅಕ್ಷರ ಸರಿಯಾಗಿದೆ, ನಡುನಡುವೆ ಮಾತ್ರ ಪ್ರಶ್ನೆ ಚಿಹ್ನೆಯೋ ಚೌಕವೋ ಬರುತ್ತದೆ ಅಂದರೆ ರೀಜನ್‌ನ ಅಡ್ಮಿನಿಸ್ಟ್ರೇಟಿವ್ ಟ್ಯಾಬ್‌ಗೆ ಹೋಗಿ. ಅಲ್ಲಿ ಚೇಂಜ್ ಸಿಸ್ಟಂ ಲೊಕೇಲ್ ಒತ್ತಿದರೆ ಯುಟಿಎಫ್-8 (ಯೂನಿಕೋಡ್ ಬರೆಯುವ ಒಂದು ಬಗೆ) ಬಗ್ಗೆ ಬೀಟಾ ಅಂತ ಬರೆದ ಒಂದು ಟಿಕ್ ಇದೆ. ಅದು ಆನ್ ಇದ್ದರೆ ತೆಗೆಯಿರಿ. ಈ ಫಾಂಟುಗಳಲ್ಲಿ ಕನ್ನಡದ ಎಷ್ಟೋ ಆಕಾರಗಳು ಕೂತಿರುವುದು 128ರಿಂದ 255ರ ಸಂಕೇತಗಳಲ್ಲಿ, ಯುಟಿಎಫ್-8 ಆನ್ ಆದರೆ ಅವು ಒಂಟಿ ಅಕ್ಷರವಾಗಿ ಉಳಿಯುವುದಿಲ್ಲ. ಅಲ್ಲೇ ಭಾಷೆ ಕನ್ನಡ ಅಂತ ಆರಿಸಿದರೆ ಸರಿಹೋಗಬಹುದು ಅನ್ನಿಸುತ್ತದೆ ಅಲ್ವಾ? ಉಲ್ಟಾ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಹಳೆ ಕಾಲದ ಕೋಡ್ ಪೇಜ್ (ಯೂನಿಕೋಡ್‌ಗೆ ಮುಂಚಿನ ಅಕ್ಷರ ಸಂಕೇತಗಳ ಪಟ್ಟಿ) ಇಲ್ಲವೇ ಇಲ್ಲ. ಹಳೆ ನುಡಿ, ಬರಹ ಬಳಸುವವರು ಅಲ್ಲಿ ಇಂಗ್ಲಿಷ್ ಇಂಡಿಯಾ ಇಟ್ಟುಕೊಳ್ಳಬೇಕು.

ಇನ್ನು ಟೈಪಿಂಗ್. ನೋಟ್‌ಪ್ಯಾಡ್‌ನಲ್ಲಿ ಕನ್ನಡ ಬರುತ್ತದೆ, ಪೇಜ್‌ಮೇಕರ್‌ನಲ್ಲಿ ಮಾತ್ರ ಇಂಗ್ಲಿಷೇ ಬೀಳುತ್ತದೆ. ನುಡಿ ತೆಗೆದು ಹಾಕಿದರು, ಕೀಬೋರ್ಡ್ ಬದಲಿಸಿದರು, ವಿಂಡೋಸ್ ಕೂಡ ಹೊಸದಾಗಿ ಹಾಕಿಸಿದರು, ಇಂಥವರನ್ನು ನೋಡಿದ್ದೇನೆ. ಕಾರಣ ಮತ್ತೆ ಆ ಅಡ್ಮಿನ್ ಗುಂಡಿ. ಅಡ್ಮಿನ್ ಆಗಿ ಓಡುತ್ತಿರುವ ಪ್ರೋಗ್ರಾಂಗೆ ಮಾಮೂಲಿ ಪ್ರೋಗ್ರಾಂ ಕೀ ಕಳಿಸುವುದನ್ನು ವಿಸ್ಟಾ ಕಾಲದಿಂದ ವಿಂಡೋಸ್ ತಡೆಯುತ್ತದೆ, ವೈರಸ್‌ಗಳು ಹಾಗೆ ಮಾಡಬಾರದು ಅಂತ. ಕೀಗಳನ್ನು ನಡುವೆ ಹಿಡಿದು ಕನ್ನಡ ಮಾಡಿ ಕಳಿಸುವ ತಂತ್ರಾಂಶವೂ ಆ ತಡೆಗೆ ಸಿಕ್ಕಿಬೀಳುತ್ತದೆ. ಎರಡನ್ನೂ ಒಂದೇ ಮಟ್ಟದಲ್ಲಿ ಓಡಿಸಬೇಕು, ಸಾಧ್ಯವಾದರೆ ಎರಡನ್ನೂ ಮಾಮೂಲಾಗಿ. ಪೇಜ್‌ಮೇಕರ್‌ಗೆ ಅಡ್ಮಿನ್ ಬೇಕೇ ಬೇಕು ಅನ್ನಿಸಿದರೆ ಮೇಲೆ ಹೇಳಿದ ಹಾಗೆ ಸಿ ಡ್ರೈವ್‌ನ ಸ್ವಂತ ಫೋಲ್ಡರಿನಲ್ಲಿ ಹಾಕಿ ನೋಡಿ. ಎಕ್ಸ್‌ಪ್ಲೋರರ್‌ನಿಂದ ಚಿತ್ರ ಎಳೆದು ಬಿಟ್ಟರೆ ಬೀಳುತ್ತಿಲ್ಲ, ಸರ್ವರ್‌ನ ಝಡ್ ಡ್ರೈವ್ ಪ್ರೋಗ್ರಾಂ ಒಳಗೆ ಕಾಣುತ್ತಿಲ್ಲ ಅನ್ನುವುದಕ್ಕೂ ಇದೇ ಕಾರಣ.

ಪ್ರಿಂಟರ್, ಡಾಂಗಲ್

ಹಳೆ ಪ್ರೋಗ್ರಾಂ ಡೀಫಾಲ್ಟ್ ಪ್ರಿಂಟರ್‌ಗೆ ಮಾತ್ರ ಕಳಿಸುತ್ತದೆ. ಹೊಸ ವಿಂಡೋಸ್ ಕೊನೆಗೆ ಬಳಸಿದ ಪ್ರಿಂಟರನ್ನೇ ಡೀಫಾಲ್ಟ್ ಮಾಡಿಕೊಳ್ಳುತ್ತಾ ಹೋಗುತ್ತದೆ, ಹಾಗಾಗಿ ಬೆಳಿಗ್ಗೆ ಪಿಡಿಎಫ್ ಮಾಡಿದರೆ ಮಧ್ಯಾಹ್ನದ ಬಿಲ್ ಕಾಗದಕ್ಕೆ ಬರುವುದಿಲ್ಲ. ಪ್ರಿಂಟರ್ ಸೆಟ್ಟಿಂಗ್‌ನಲ್ಲಿ "ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್" ಆಫ್ ಮಾಡಿ. ಎಲ್‌ಪಿಟಿ1ಕ್ಕೆ (ಹಳೆ ಕಂಪ್ಯೂಟರಿನ ಪ್ರಿಂಟರ್ ಪೋರ್ಟ್) ಸೀದಾ ಬರೆಯುವ ಪ್ರೋಗ್ರಾಂ ಆದರೆ ಯುಎಸ್‌ಬಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಶೇರ್ ಮಾಡಿ, ನೆಟ್ ಯೂಸ್ ಕಮಾಂಡ್‌ನಿಂದ ಎಲ್‌ಪಿಟಿ1ಕ್ಕೆ ಜೋಡಿಸಿ. ಆ ಕಮಾಂಡ್ ಅನ್ನು ಅಡ್ಮಿನ್ ಕಿಟಕಿಯಲ್ಲಿ ಕೊಟ್ಟರೆ ಮಾಮೂಲಿ ಪ್ರೋಗ್ರಾಂಗೆ ಅದು ಕಾಣುವುದಿಲ್ಲ, ಎಚ್ಚರ.

ಡಾಂಗಲ್ (ಚುಚ್ಚಿದ್ದರೆ ಮಾತ್ರ ಸಾಫ್ಟ್‌ವೇರ್ ಓಡಲು ಬಿಡುವ ಲೈಸೆನ್ಸ್ ಕೀಲಿ) ಇರುವ ಸಾಫ್ಟ್‌ವೇರ್‌ಗೆ ಡಾಂಗಲಿನ 64-ಬಿಟ್ ಡ್ರೈವರ್ ಬೇಕು. ಪ್ರೋಗ್ರಾಂ 32-ಬಿಟ್ ಇರಬಹುದು, ಡ್ರೈವರ್ 32-ಬಿಟ್ ಇರುವಂತಿಲ್ಲ. ಹೊಸ ಡ್ರೈವರ್ ಹಾಕಿದ ಮೇಲೂ ಓಡದಿದ್ದರೆ ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್‌ನಲ್ಲಿ ಮೆಮೊರಿ ಇಂಟೆಗ್ರಿಟಿ ಅದನ್ನು ತಡೆದಿದೆಯೇ ನೋಡಿ. ಬರೀ ಒಂದು ಡಾಂಗಲ್‌ಗಾಗಿ ಅದನ್ನು ಶಾಶ್ವತವಾಗಿ ಆಫ್ ಮಾಡುವುದಕ್ಕಿಂತ ಕೊನೆಯಲ್ಲಿ ಹೇಳಿರುವ ವರ್ಚುವಲ್ ಮಿಷನ್ ದಾರಿ ವಾಸಿ.

ಏನು ಮಾಡಿದರೂ ಆಗಲಿಲ್ಲ

ಈಗ ಕಂಪ್ಯಾಟಿಬಿಲಿಟಿ ಮೋಡ್ ಹಾಕಿ ನೋಡಿ, ಈಗ ಪರವಾಗಿಲ್ಲ. ಅದು ಮುಖ್ಯವಾಗಿ ಮಾಡುವುದು ವಿಂಡೋಸ್ ಆವೃತ್ತಿ ಕೇಳಿದ ಪ್ರೋಗ್ರಾಂಗೆ ಹಳೆ ನಂಬರ್ ಹೇಳುವುದು, ಜೊತೆಗೆ ಹಳೆ ಕೆಲವು ವರ್ತನೆಗಳನ್ನು ಅನುಕರಿಸುವುದು. "ಈ ವಿಂಡೋಸ್ ಆವೃತ್ತಿಗೆ ಸಪೋರ್ಟ್ ಇಲ್ಲ" ಅಂತ ಪ್ರೋಗ್ರಾಮೇ ಹೇಳಿ ಮುಚ್ಚಿಕೊಳ್ಳುತ್ತಿದ್ದರೆ ಇದು ಸರಿಯಾದ ಮದ್ದು. ಬಟನ್‌ಗಳು ಕಿಟಕಿಯಾಚೆ ಹೋಗಿವೆ ಅಂದರೆ ಅದೇ ಟ್ಯಾಬ್‌ನಲ್ಲಿ ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್ ಒಳಗೆ ಓವರ್‌ರೈಡ್ ಟಿಕ್ ಹಾಕಿ ಸಿಸ್ಟಂ ಆರಿಸಿ.

ಅದೂ ಆಗದಿದ್ದರೆ ವರ್ಚುವಲ್ ಮಿಷನ್, ಅಂದರೆ ಕಂಪ್ಯೂಟರಿನ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್. ವರ್ಚುವಲ್‌ಬಾಕ್ಸ್ ಹಾಕಿ, ಒಳಗೆ ನಿಮ್ಮ ಹತ್ತಿರ ಲೈಸೆನ್ಸ್ ಇರುವ ಹಳೆ ವಿಂಡೋಸ್‌ನ 32-ಬಿಟ್ ಆವೃತ್ತಿ ಹಾಕಿ. 32-ಬಿಟ್ ಆದ್ದರಿಂದ 16-ಬಿಟ್ ಪ್ರೋಗ್ರಾಂ ಕೂಡ ಅಲ್ಲಿ ಓಡುತ್ತದೆ. ಯುಎಸ್‌ಬಿ ಡಾಂಗಲನ್ನು ಒಳಗಿನ ಮಿಷನ್‌ಗೆ ಕೊಡಬಹುದು, ಮೈಕ್ರೋಸಾಫ್ಟ್‌ನದೇ ವರ್ಚುವಲ್ ಮಿಷನ್ ವ್ಯವಸ್ಥೆಯಾದ ಹೈಪರ್-ವಿಯಲ್ಲಿ ಅದು ಅಷ್ಟು ಸಲೀಸಲ್ಲ. ಎಕ್ಸ್‌ಪಿಗೆ ಸಪೋರ್ಟ್ ನಿಂತದ್ದು 2014ರ ಏಪ್ರಿಲ್ 8ಕ್ಕೆ, ಆದ್ದರಿಂದ ಒಳಗಿನ ಮಿಷನ್‌ನ ನೆಟ್‌ವರ್ಕ್ ಅಡಾಪ್ಟರ್ ಅನ್ನು ತೆಗೆದೇ ಇಡಿ, ಫೈಲ್ ಕೊಟ್ಟು ತೆಗೆದುಕೊಳ್ಳಲು ಶೇರ್ಡ್ ಫೋಲ್ಡರ್ ಸಾಕು. ಡೇಟಾ ಈಗ ಆ ವರ್ಚುವಲ್ ಡಿಸ್ಕ್ ಫೈಲಿನ ಒಳಗಿದೆ, ಹಾಗಾಗಿ ದಿನದ ಬ್ಯಾಕಪ್‌ಗೆ ಸೇರಬೇಕಾದ್ದು ಆ ದೊಡ್ಡ ಫೈಲ್. ಮಿಷನ್ ಪೂರ್ತಿ ಶಟ್‌ಡೌನ್ ಆದ ಮೇಲೆ ನಕಲು ಮಾಡಿ, ಓಡುತ್ತಿರುವಾಗ ಮಾಡಿದ ನಕಲು ತೆರೆಯದೇ ಹೋಗಬಹುದು.